ಒಂದು ರಾತ್ರಿಗೆ ತಂಗುದಾಣ, ಒಂದು ಜನ್ಮಕ್ಕೆ ಒತ್ತುವರಿ

ಬೆಟ್ಟದ ಮೇಲೆ ಎರಡು ಥರದ ಗುಡಿಸಲುಗಳಿವೆ. ಒಂದು, ಸಂಜೆ ಬಂದು ಮಲಗಿ ಬೆಳಿಗ್ಗೆ ಎದ್ದು ಹೋಗುವವರದು. ಇನ್ನೊಂದು, ಅಲ್ಲೇ ಹುಟ್ಟಿ, ಅಲ್ಲೇ ಹೆತ್ತು, ಅಲ್ಲೇ ಸಾಯುವವರದು. ಮೊದಲನೆಯದಕ್ಕೆ ಸರ್ಕಾರ ಇಟ್ಟ ಹೆಸರು ತಂಗುದಾಣ. ಎರಡನೆಯದಕ್ಕೆ ಇಟ್ಟ ಹೆಸರು ಒತ್ತುವರಿ. ಎರಡರ ಮೇಲೂ ಅದೇ ಮಳೆ ಬೀಳುತ್ತದೆ. ಎರಡರ ಸುತ್ತಲೂ ಅದೇ ಇಂಬಳ, ಅದೇ ಚಳಿ, ಅದೇ ಆನೆ. ಹೆಸರು ಮಾತ್ರ ಬೇರೆ. ಈ ಹೆಸರಿಟ್ಟವರು ಯಾರು? ಯಾವ ನ್ಯಾಯದಿಂದ ಇಟ್ಟರು? ಈ ಪ್ರಶ್ನೆ ಕೇಳದೆ ಬೆಟ್ಟದ ಸೊಬಗನ್ನು ಹಾಡುವವನು ಅರ್ಧ ಬೆಟ್ಟವನ್ನು ಮಾತ್ರ ನೋಡಿದ್ದಾನೆ ಎಂದು ನಾವು ಹೇಳುತ್ತೇವೆ.

ಕುಮಾರ ಪರ್ವತವನ್ನೇ ತಗೊಳ್ಳಿ. ದಕ್ಷಿಣ ಕನ್ನಡದ ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟರೆ ಸುಮಾರು 13 ಕಿಲೋಮೀಟರು ಏರು. ಮೊದಲು ದಟ್ಟ ಕಾಡು. ಬೇರುಗಳೇ ಮೆಟ್ಟಿಲು. ಆಮೇಲೆ ಗಿರಿಗದ್ದೆ. ಅಲ್ಲಿಂದ ಮುಂದೆ ಮರವಿಲ್ಲದ ಹುಲ್ಲಿನ ಬೋರೆ, ನೆತ್ತಿ ಸುಡುವ ಬಿಸಿಲು. ನಡುವೆ ನಾಲ್ಕು ಕಂಬದ ಒಂದು ಕಲ್ಲು ಮಂಟಪ. ಅದನ್ನು ದಾಟಿ ಶೇಷ ಪರ್ವತ. ಶೇಷ ಪರ್ವತದಿಂದ ಇಳಿದು ಮತ್ತೆ ಕಾಡು ಹೊಕ್ಕು, ಕೊನೆಗೆ ನೀರು ಜಿನುಗುವ ಬೋಳುಬಂಡೆಯನ್ನು ಕೈಕಾಲು ಊರಿ ಹತ್ತಬೇಕು. ತುದಿ 1712 ಮೀಟರು. ಆ ತುದಿ ಕೊಡಗಿನ ಸೋಮವಾರಪೇಟೆ ತಾಲ್ಲೂಕಿಗೆ ಸೇರಿದ್ದು. 1987ರಲ್ಲಿ ಇದನ್ನು ಪುಷ್ಪಗಿರಿ ವನ್ಯಜೀವಿ ಧಾಮ ಎಂದು ಕರೆದರು.

ಹತ್ತಿದವರಿಗೆ ಗೊತ್ತು, ಈ ಬೆಟ್ಟ ಸುಮ್ಮನೆ ಬಿಡುವುದಿಲ್ಲ. ಹಟ್ಟಿಯವರಾದರೇನು, ಅಗ್ರಹಾರದವರಾದರೇನು, ಬಂಡೆಯ ಮೇಲೆ ಎಲ್ಲರ ಮಂಡಿಯೂ ಒಂದೇ ಸಮ ನಡುಗುತ್ತದೆ. ಎಲ್ಲರ ನಾಲಿಗೆಯೂ ಒಂದೇ ಸಮ ಒಣಗುತ್ತದೆ. ಅದಕ್ಕೇ ಕೆಲವರು ಹೇಳುತ್ತಾರೆ: ಬೆಟ್ಟಕ್ಕೆ ಜಾತಿ ಇಲ್ಲ ಕಣ್ರೀ. ಇದ್ದೀತು. ಬೆಟ್ಟಕ್ಕೆ ಜಾತಿ ಇಲ್ಲ. ಆದರೆ ಬೆಟ್ಟ ಹತ್ತುವ ದಾರಿಗೆ ಇದೆ. ಬೆಟ್ಟದ ಮೇಲಿನ ನೀರಿಗೆ ಇದೆ. ಬೆಟ್ಟದ ಮೇಲಿನ ಸೂರಿಗೆ ಇದೆ. ಬೆಟ್ಟದ ಕಡತಕ್ಕಂತೂ ಇದ್ದೇ ಇದೆ.

ಈ ದಾರಿಯಲ್ಲಿ ಹೆಸರುಗಳನ್ನು ನೋಡಿಕೊಂಡು ಹೋಗಿ. ಬೆಟ್ಟಕ್ಕೆ ಕುಮಾರಸ್ವಾಮಿಯ ಹೆಸರು. ಪಕ್ಕದ ಬೆಟ್ಟಕ್ಕೆ ಆದಿಶೇಷನ ಹೆಸರು. ತಾರಕಾಸುರನನ್ನು ಕೊಂದು ಬಂದ ಕುಮಾರ ಇಲ್ಲಿ ಆಯುಧ ತೊಳೆದ, ಇಂದ್ರ ಮಗಳನ್ನು ಧಾರೆ ಎರೆದುಕೊಟ್ಟ, ಅದಕ್ಕೇ ಹೊಳೆಗೆ ಕುಮಾರಧಾರೆ ಎಂದು ಹೆಸರು ಬಂತು ಎನ್ನುತ್ತದೆ ಸ್ಥಳಪುರಾಣ. ಗಿರಿಗದ್ದೆಯಲ್ಲಿ ದಶಕಗಳ ಕಾಲ ಚಾರಣಿಗರಿಗೆ ಅನ್ನ ಹಾಕಿದ ಒಂದು ಮನೆ ಭಟ್ಟರ ಮನೆ ಎಂದೇ ಪ್ರಸಿದ್ಧ. ಆ ಅನ್ನದ ಬಗ್ಗೆ ನಮಗೆ ತಕರಾರಿಲ್ಲ. ಹಸಿದವನಿಗೆ ಅನ್ನ ಹಾಕಿದ ಕೈ ಯಾರದಾದರೂ ದೊಡ್ಡದೇ. ನಮ್ಮ ಪ್ರಶ್ನೆ ಬೇರೆ. ದೇವರಿಗೆ ಹೆಸರಿದೆ, ಹಾವಿಗೆ ಹೆಸರಿದೆ, ಸತ್ತ ರಾಕ್ಷಸನಿಗೂ ಹೆಸರಿದೆ. ಈ ಕಾಡಿನಲ್ಲಿ ಬೆತ್ತ ಕೊಯ್ದು, ಜೇನು ಇಳಿಸಿ, ಕಾಲಲ್ಲಿ ತುಳಿದು ತುಳಿದು ದಾರಿ ಮಾಡಿದ ಮಲೆಕುಡಿಯನ ಹೆಸರು ಎಲ್ಲಿ? ಅವನ ಕುಲದ ಹೆಸರಿನಲ್ಲೇ ಮಲೆ ಇದೆ. ಮಲೆಯ ಯಾವ ಫಲಕದ ಮೇಲೆ ಅವನಿದ್ದಾನೆ? ಆ ಮಂಟಪದ ಕಂಬಗಳನ್ನು ಯಾವ ಹೆಗಲು ಅಷ್ಟೆತ್ತರಕ್ಕೆ ಹೊತ್ತಿತು? ಪುರಾಣ ಹೇಳುವುದಿಲ್ಲ. ಹೆಗಲಿಗೆ ಪುರಾಣ ಇರುವುದಿಲ್ಲ.

ಬೆಟ್ಟದ ಬುಡಕ್ಕೆ ಬನ್ನಿ. ಕುಕ್ಕೆಯಲ್ಲಿ ಚಂಪಾಷಷ್ಠಿಯ ರಥಕ್ಕೆ ಕಾಡಿನಿಂದ ಬೆತ್ತ ತಂದು ಕಟ್ಟುವವರು ಈ ಮಲೆಕುಡಿಯರು. ರಥದ ಮೇಲೆ ಕೂರುವವರು ಯಾರು ಎಂದು ನಾವು ಹೇಳಬೇಕಾಗಿಲ್ಲ. ಅದೇ ಕುಕ್ಕೆಯಲ್ಲಿ ಬ್ರಾಹ್ಮಣರು ಉಂಡೆದ್ದ ಎಂಜಲೆಲೆಯ ಮೇಲೆ ಉರುಳುವ ಮಡೆಸ್ನಾನವನ್ನು ಈ ನಾಡು 21ನೇ ಶತಮಾನದವರೆಗೆ ಸಾಕಿಕೊಂಡು ಬಂತು. 2011ರಲ್ಲಿ ಅದನ್ನು ನಿಲ್ಲಿಸಲು ಹೊರಟಾಗ, ಇದು ನಮ್ಮ ಸಂಪ್ರದಾಯ, ನಿಲ್ಲಿಸಬೇಡಿ ಎಂದು ಮಲೆಕುಡಿಯರ ಮುಖಂಡರೇ ಎದ್ದು ನಿಂತರು. ಅದನ್ನು ವಿರೋಧಿಸಿ ಅಲ್ಲಿಗೆ ಹೋದ ಹಿಂದುಳಿದ ವರ್ಗಗಳ ನಾಯಕ ಕೆ.ಎಸ್. ಶಿವರಾಮು ಅವರಿಗೆ ಏಟು ಬಿತ್ತು. ಅಮಾನವೀಯ ಆಚರಣೆಗಳ ವಿರುದ್ಧ ಕಾನೂನು ಪಾಸಾಗಿದ್ದು 2017ರಲ್ಲಿ, ಜಾರಿಗೆ ಬಂದಿದ್ದು 2020ರ ಜನವರಿಯಲ್ಲಿ.

ಉರುಳಿದವರನ್ನು ಬೈಯುವುದು ಸುಲಭ. ಪಟ್ಟಣದ ವಿಚಾರವಾದಿಗಳು ಬೈದೂ ಆಯಿತು. ನಾವು ಬೈಯುವುದಿಲ್ಲ. ಬೆಟ್ಟದಲ್ಲಿ ತನ್ನ ಮನೆ ತನ್ನದು ಎನ್ನಲು ಒಂದು ಚೂರು ಕಾಗದ ಇಲ್ಲದವನು, ವರ್ಷಕ್ಕೊಮ್ಮೆ ಗುಡಿಯ ಅಂಗಳದಲ್ಲಿ ಇದು ನನ್ನದು ಎನ್ನಲು ಸಿಕ್ಕಿದ್ದು ಅದೊಂದೇ. ಹಕ್ಕುಪತ್ರ ಇಲ್ಲದವನಿಗೆ ಎಂಜಲೆಲೆಯೇ ಹಕ್ಕುಪತ್ರವಾಗಿ ಕಂಡಿತು. ಪುರೋಹಿತಶಾಹಿಯ ಜಾಣತನ ಇರುವುದು ಇಲ್ಲಿ. ಕಾಡನ್ನು ಕಿತ್ತುಕೊಂಡು ಎಲೆಯನ್ನು ಕೊಟ್ಟರು. ಎಲೆಯನ್ನು ನಿಲ್ಲಿಸಿದ ಸರ್ಕಾರ ಕಾಡನ್ನು ವಾಪಸು ಕೊಟ್ಟಿತೇ? ಕೇಳಿ ನೋಡಿ.

ಇದೇ ಮಲೆಕುಡಿಯರು ಘಟ್ಟದ ಸಾಲಿನಲ್ಲಿ ಬಡಗಣಕ್ಕೆ ಹೋದರೆ ಕುದುರೆಮುಖದಲ್ಲೂ ಇದ್ದಾರೆ. ಅದೂ ಚಾರಣಿಗರ ಮೆಚ್ಚಿನ ಬೆಟ್ಟವೇ. ಅಲ್ಲಿನ ಕತೆ ಕೇಳಿ. 1976ರಲ್ಲಿ ಸರ್ಕಾರವೇ ಒಂದು ಕಬ್ಬಿಣದ ಅದಿರಿನ ಕಂಪನಿ ಹುಟ್ಟುಹಾಕಿತು. ಬೆಟ್ಟ ಬಗೆದು, ಅರೆದು, ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಹರಿಸಿದರು. 1987ರಲ್ಲಿ ಸುತ್ತಲ ಕಾಡನ್ನು ರಾಷ್ಟ್ರೀಯ ಉದ್ಯಾನ ಎಂದರು. ಆಮೇಲೂ ಗಣಿ ನಡೆಯಿತು. ಸುಪ್ರೀಂ ಕೋರ್ಟು 2002ರಲ್ಲಿ ಹೇಳಿದ ಮೇಲೆ, 2005ರ ಕೊನೆಗೆ ಅದು ನಿಂತಿತು. ಬೆಟ್ಟವನ್ನೇ ತಿಂದ ಯಂತ್ರಕ್ಕೆ ಇಷ್ಟು ವರ್ಷ ಸಾವಕಾಶ. ಆದರೆ ಗೆಡ್ಡೆ ಗೆಣಸು ಅಗೆದು ತಿಂದ ಮಲೆಕುಡಿಯನಿಗೆ, ಗದ್ದೆ ಮಾಡಿಕೊಂಡಿದ್ದ ಗೌಡಲು ಒಕ್ಕಲಿಗೆ, ಎದ್ದು ಹೋಗು ಎಂಬ ಮಾತು. ಕಾಡು ಹಾಳಾಗುತ್ತದಂತೆ! ಯಾರಿಂದ ಸ್ವಾಮಿ? ಗುದ್ದಲಿಯಿಂದಲೋ, ಡೈನಮೈಟಿನಿಂದಲೋ?

ಅದೇ ಉದ್ಯಾನದೊಳಗೆ ಭಗವತಿ ಎಂಬಲ್ಲಿ, ನಿಸರ್ಗ ನೋಡಲು ಬರುವವರು ರಾತ್ರಿ ತಂಗಲು ಶಿಬಿರ ಮಾಡಿದರು. ಹಾಸಿಗೆ, ಊಟ, ಬೆಳಿಗ್ಗೆ ಎದ್ದು ನಡೆಯಲು ಜೊತೆಗೊಬ್ಬ ದಾರಿ ತೋರುವವ. ಅದೇ ಉದ್ಯಾನದೊಳಗಿನ ಕುತ್ಲೂರಿನ ಮಲೆಕುಡಿಯರು ರಸ್ತೆ ಕೊಡಿ, ಸೌಲಭ್ಯ ಕೊಡಿ ಎಂದಾಗ ಏನಾಯಿತು? ಆ ಊರಿನ ವಿಠಲ ಮಲೆಕುಡಿಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದ ಹುಡುಗ. 2012ರ ಮಾರ್ಚಿನಲ್ಲಿ ಅವನನ್ನೂ ಅವನ ತಂದೆಯನ್ನೂ ನಕ್ಸಲೀಯರ ನಂಟು ಎಂದು ಹಿಡಿದುಕೊಂಡು ಹೋದರು. ರಾಜದ್ರೋಹ, ಯುಎಪಿಎ ಎಲ್ಲ ಹಾಕಿದರು. ಸಾಕ್ಷಿ ಏನು? ಭಗತ್ ಸಿಂಗನ ಬಗ್ಗೆ ಒಂದು ಪುಸ್ತಕ. ಪತ್ರಿಕೆಯ ಕೆಲವು ತುಣುಕು. ಊರಿಗೆ ಸೌಕರ್ಯ ಬರುವ ತನಕ ಓಟು ಹಾಕುವುದಿಲ್ಲ ಎಂಬ ಕಾಗದ. ಕೈಗೆ ಕೋಳ ಹಾಕಿಸಿಕೊಂಡೇ ಆ ಹುಡುಗ ಪರೀಕ್ಷೆ ಬರೆಯಬೇಕಾಯಿತು. ಇಬ್ಬರೂ ನಿರ್ದೋಷಿಗಳು ಎಂದು ನ್ಯಾಯಾಲಯ ಹೇಳಿದ್ದು 2021ರ ಅಕ್ಟೋಬರಿನಲ್ಲಿ. ಒಂಬತ್ತು ವರ್ಷ! ಬೆಟ್ಟ ಹತ್ತಲು ಬಂದವನ ಚೀಲದಲ್ಲಿ ಪ್ಲಾಸ್ಟಿಕ್ ಬಾಟಲಿ ಇದೆಯೇ ಎಂದು ನೋಡುತ್ತಾರೆ. ಬೆಟ್ಟದಲ್ಲಿ ಹುಟ್ಟಿದವನ ಚೀಲದಲ್ಲಿ ಪುಸ್ತಕ ಇದೆಯೇ ಎಂದು ನೋಡುತ್ತಾರೆ. ಈ ದೇಶದ ಕಾಡಿನ ಕಾನೂನನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನಮಗೆ ಬರುವುದಿಲ್ಲ.

ಎಲ್ಲದಕ್ಕೂ ಜಾತಿ ಎಳೆದು ತರ್ತೀರಲ್ರಪ್ಪ, ಒಂದು ಗುಡಿಸಲಿಗೂ ಜಾತಿಯೇ, ಎಂದು ಕೇಳುವವರಿದ್ದಾರೆ. ಅವರು ಬಾಬಾಸಾಹೇಬರನ್ನು ಓದಬೇಕು. 1901ರಲ್ಲಿ, ಒಂಬತ್ತು ಹತ್ತು ವರ್ಷದ ಭೀಮರಾಯ, ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ, ಗೋರೆಗಾಂವಿನಲ್ಲಿ ಕೆಲಸಕ್ಕಿದ್ದ ಅಪ್ಪನನ್ನು ನೋಡಲು ಹೊರಟ. ಮಸೂರ್ ಸ್ಟೇಷನ್ನಿನಲ್ಲಿ ಇಳಿದರೆ, ಮಹಾರರ ಮಕ್ಕಳು ಎಂದು ಗೊತ್ತಾದ ಕೂಡಲೇ ಗಾಡಿಯವರು ಹಿಂದೆ ಸರಿದರು. ದುಪ್ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ತಾವೇ ಹೊಡೆದುಕೊಂಡು ಹೋಗಬೇಕಾಯಿತು. ರಾತ್ರಿ ಒಂದು ಗುಡ್ಡದ ಬುಡದಲ್ಲಿ ಸುಂಕ ವಸೂಲಿಯವನ ಗುಡಿಸಲು ಸಿಕ್ಕಿತು. ಅದೇ ಅವರ ತಂಗುದಾಣ. ಬುತ್ತಿ ಇತ್ತು, ನೀರಿರಲಿಲ್ಲ. ಮುಸ್ಲಿಮರು ಎಂದು ಸುಳ್ಳು ಹೇಳಿ ನೀರು ಕೇಳಿದರೂ, ನೀರು ಗುಡ್ಡದ ಮೇಲಿದೆ, ಬೇಕಾದರೆ ಹೋಗಿ ತಂದುಕೊಳ್ಳಿ ಎಂದ ಅವನು. ಮಕ್ಕಳು ಬುತ್ತಿ ಬದಿಗಿಟ್ಟು ಹಸಿದು ಮಲಗಿದರು.

ಮುಂದೆ 1934ರಲ್ಲಿ, ಆ ಹೊತ್ತಿಗೆ ಲೋಕಪ್ರಸಿದ್ಧರಾಗಿದ್ದ ಅಂಬೇಡ್ಕರ್ ಸಂಗಾತಿಗಳೊಂದಿಗೆ ದೌಲತಾಬಾದಿನ ಬೆಟ್ಟದ ಕೋಟೆ ನೋಡಲು ಹೋದರು. ಬಾಗಿಲ ಬಳಿಯ ಕೊಳದಲ್ಲಿ ಧೂಳು ಮೆತ್ತಿದ ಮುಖ ತೊಳೆದರು. ನೀರು ಮೈಲಿಗೆ ಮಾಡಿದರು ಎಂದು ಗಲಾಟೆ ಎದ್ದಿತು. ಕೊನೆಗೆ, ಕೋಟೆಯೊಳಗೆ ಎಲ್ಲೂ ನೀರು ಮುಟ್ಟಕೂಡದು ಎಂಬ ಕರಾರಿನ ಮೇಲೆ ಒಳಗೆ ಬಿಟ್ಟರು. ಕಾಯಲು ಜೊತೆಗೊಬ್ಬ ಬಂದೂಕಿನ ಸಿಪಾಯಿ. ಈಗ ಹೇಳಿ, ಗುಡ್ಡದ ಬುಡದ ಗುಡಿಸಲಿಗೆ ಜಾತಿ ತಂದವರು ನಾವೋ?

ಅದೆಲ್ಲ ಹಳೇ ಕಾಲ ಎನ್ನುತ್ತೀರಿ. ಈಗಲೂ ಬೆಟ್ಟದ ತಪ್ಪಲಲ್ಲಿ ರಾತ್ರಿ ಉಳಿಯಲು ಜಾಗ ಕೇಳಿ ನೋಡಿ. ಎಲ್ಲಿಂದ ಬಂದ್ರಿ ಎಂದು ಕೇಳುತ್ತಾರೆ. ಊರು ಹೇಳಿದರೆ, ಊರಲ್ಲಿ ಯಾವ ಬೀದಿ ಎನ್ನುತ್ತಾರೆ. ಬೀದಿ ಹೇಳಿದರೆ, ಅಪ್ಪ ಏನು ಮಾಡ್ತಾರೆ ಎನ್ನುತ್ತಾರೆ. ನಮ್ಮ ಗೆಳೆಯರ ಗುಂಪಿಗೂ ಹೀಗೇ ಒಂದು ಕಡೆ ಮೂರು ಪ್ರಶ್ನೆ ಆದ ಮೇಲೆ ಕೋಣೆ ಖಾಲಿ ಇಲ್ಲ ಎಂದಾಯಿತು. ಜಾತಿ ಎಂಬ ಮಾತನ್ನು ಯಾರೂ ಆಡಲಿಲ್ಲ. ಈಗ ಯಾರೂ ಆಡುವುದಿಲ್ಲ. ಡಿಗ್ರಿ ಸರ್ಟಿಫಿಕೇಟಿಗೆ ಈ ಮೂರು ಪ್ರಶ್ನೆಗಳನ್ನು ದಾಟುವ ಶಕ್ತಿ ಇನ್ನೂ ಬಂದಿಲ್ಲ.

ನಮ್ಮ ಸಾಹಿತಿಗಳಿಗೂ ಒಂದು ಮಾತು ಹೇಳಬೇಕು. ಕನ್ನಡದಲ್ಲಿ ಬೆಟ್ಟದ ಮೇಲೆ ಬಂದಷ್ಟು ಕವಿತೆ ಬೆಟ್ಟ ಹೊತ್ತವರ ಮೇಲೆ ಬಂದಿಲ್ಲ. ಮಂಜು, ಮುಗಿಲು, ಮೌನ, ಬ್ರಹ್ಮಾನಂದ! ನಮ್ಮ ಅವ್ವಂದಿರೂ ಬೆಟ್ಟ ಹತ್ತಿದರು. ಸೌದೆಗೆ ಹತ್ತಿದರು, ತರಗೆಲೆಗೆ ಹತ್ತಿದರು. ಗಾರ್ಡು ಕುಡುಗೋಲು ಕಿತ್ತುಕೊಂಡರೆ ಕಾಲು ಹಿಡಿಯಲು ಮತ್ತೆ ಹತ್ತಿದರು. ತಲೆ ಮೇಲೆ ಹೊರೆ ಇದ್ದವರಿಗೆ ಕತ್ತೆತ್ತಿ ಮುಗಿಲು ನೋಡಲು ಆಗುವುದಿಲ್ಲ. ಅವರು ಕಂಡ ಬೆಟ್ಟ ಕಾಲಬುಡದ ಎರಡು ಮಾರು ಅಷ್ಟೇ. ಆ ಎರಡು ಮಾರಿನ ಬೆಟ್ಟ ಕನ್ನಡ ಕಾವ್ಯದಲ್ಲಿ ಎಲ್ಲಿದೆ? 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಎಂದಿದ್ದಕ್ಕೆ ಊರು ಊರಲ್ಲಿ ದಲಿತ ಹುಡುಗರಿಗೆ ಹೊಡೆದರು, ಅವರ ಮಂತ್ರಿ ಪದವಿ ಕಿತ್ತರು. ಆ ಮಾತಿಗೆ ಉತ್ತರ ಮಾತ್ರ ಪೂರ್ತಿ ಬಂದಿಲ್ಲ.

ಹಾಗಂತ ನಾವು ಬೆಟ್ಟ ಹತ್ತುವುದಕ್ಕೆ ವಿರೋಧಿಗಳೇ? ಅಲ್ಲ. 2014ರ ಮೇ 25ರಂದು ಮಾಲಾವತ್ ಪೂರ್ಣಾ ಎಂಬ ಆದಿವಾಸಿ ಹುಡುಗಿ ಎವರೆಸ್ಟಿನ ತುದಿ ಮುಟ್ಟಿದಳು. ಆಗ ಅವಳಿಗೆ ಹದಿನಾಲ್ಕು ತುಂಬಿರಲಿಲ್ಲ. ಕೂಲಿ ಮಾಡುವವರ ಮಗಳು. ಜೊತೆಯಲ್ಲಿ ಆನಂದ್ ಕುಮಾರ್ ಎಂಬ ದಲಿತ ಹುಡುಗ. ಇಬ್ಬರೂ ಆಗಿನ ಆಂಧ್ರಪ್ರದೇಶದ ಸಮಾಜ ಕಲ್ಯಾಣ ವಸತಿ ಶಾಲೆಗಳ ಮಕ್ಕಳು. ಭುವನಗಿರಿಯ ಬಂಡೆಯ ಮೇಲೆ ಕಲಿತು ಎವರೆಸ್ಟಿಗೆ ಹೋದರು. ನಮ್ಮ ಮಕ್ಕಳು ಹತ್ತಲಾರರು ಎಂದವರ ಬಾಯಿ ಅವತ್ತೇ ಕಟ್ಟಿತು. ಹತ್ತಬೇಕು. ಹಾಸ್ಟೆಲಿನ ಪ್ರತಿ ಹುಡುಗ, ಪ್ರತಿ ಹುಡುಗಿ ಹತ್ತಬೇಕು. ಹೊರೆ ಇಲ್ಲದೆ, ಕತ್ತೆತ್ತಿ, ಒಂದು ಸಲವಾದರೂ ಹತ್ತಬೇಕು. ನಮ್ಮ ಜಗಳ ಕಾಲಿನ ಜೊತೆ ಅಲ್ಲ, ಗೇಟಿನ ಜೊತೆ.

ಗೇಟು ಯಾರಿಗೆ ತೆರೆಯುತ್ತದೆ ನೋಡಿ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ, ಕುಮಾರ ಪರ್ವತಕ್ಕೆ ಜಾತ್ರೆಯ ಹಾಗೆ ಜನ ನುಗ್ಗಿದರು. ಕಾಡಿನೊಳಗೆ ಉದ್ದೋ ಉದ್ದ ಸಾಲು. ಅರಣ್ಯ ಇಲಾಖೆ ಕೆಲವು ಕಾಲ ಚಾರಣ ನಿಲ್ಲಿಸಿತು. ಆಮೇಲೆ ಆನ್‌ಲೈನಿನಲ್ಲಿ ಮೊದಲೇ ಹೆಸರು ಬರೆಸಿ ದುಡ್ಡು ಕಟ್ಟಬೇಕು, ದಿನಕ್ಕೆ ಇಷ್ಟೇ ಜನ ಎಂದು ಮಾಡಿತು. ಒಳ್ಳೆಯದೇ. ಬೆಟ್ಟಕ್ಕೂ ಉಸಿರಾಡಲು ಬಿಡಬೇಕು. ಆದರೆ ಇದರಲ್ಲಿರುವ ಸತ್ಯ ಗಮನಿಸಿ. ಚಾರಣಿಗ ಹೆಚ್ಚಾದರೆ ಸರ್ಕಾರ ಅವನಿಗೆ ದಿನಾಂಕ ಕೊಡುತ್ತದೆ. ಆದಿವಾಸಿ ಇದ್ದಲ್ಲೇ ಇದ್ದರೂ ಅವನಿಗೆ ನೋಟಿಸು ಕೊಡುತ್ತದೆ.

ಕಾಡು ಉಳಿಯಬೇಡವೇ ಎಂಬ ಪ್ರಶ್ನೆಗೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಉತ್ತರ ಕೇಳಿ. ಅದನ್ನು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಮಾಡಿದರು. ಸೋಲಿಗರು ಸುಮ್ಮನೆ ಕೂರಲಿಲ್ಲ. ಅದೇ ವರ್ಷ ತಮ್ಮ ಗ್ರಾಮಸಭೆಗಳ ಮೂಲಕ ಸಮುದಾಯ ಅರಣ್ಯ ಹಕ್ಕು ಪಡೆದರು. ಹುಲಿಯ ಕಾಡೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಅದು ಮೊದಲು. ಅಲ್ಲಿ ಸೋಲಿಗರೂ ಇದ್ದಾರೆ, ಹುಲಿಯೂ ಇದೆ, ಸೋಲಿಗರ ದೇವರಾದ ದೊಡ್ಡ ಸಂಪಿಗೆ ಮರವೂ ಇದೆ.

ನಾಗರಹೊಳೆಯ ಕತೆ ಬೇರೆ. ಹುಲಿಗಾಗಿ ಎಂದು 1970ರ ದಶಕದಿಂದಲೇ ಜೇನು ಕುರುಬರನ್ನು ಹೊರದಬ್ಬಿದರು. 1990ರ ದಶಕದಲ್ಲಿ ಅದೇ ಕಾಡೊಳಗೆ ಪ್ರವಾಸಿಗರ ವಸತಿಗೃಹ ನಡೆಸಲು ಒಂದು ದೊಡ್ಡ ಹೋಟೆಲ್ ಕಂಪನಿಗೆ ಗುತ್ತಿಗೆ ಕೊಟ್ಟರು. ಆದಿವಾಸಿಗಳು ಹೋರಾಡಿದರು, 1997ರಲ್ಲಿ ಹೈಕೋರ್ಟು ಅದನ್ನು ತಪ್ಪು ಎಂದಿತು. 2025ರ ಮೇ 5ರಂದು 52 ಜೇನು ಕುರುಬ ಕುಟುಂಬಗಳು ಕರಡಿಕಲ್ಲು ಹಾಡಿಗೆ, ತಮ್ಮ ಹಿರಿಯರ ಗೋರಿಗಳಿರುವ ನೆಲಕ್ಕೆ ನಡೆದುಕೊಂಡು ವಾಪಸು ಬಂದವು. ಅವರೂ ಚಾರಣ ಮಾಡಿದರು ಅನ್ನಿ. ಹೋಗಿ ಬಿದಿರು ನೆಟ್ಟು ಪ್ಲಾಸ್ಟಿಕ್ ಹೊದಿಸಿ ಗುಡಿಸಲು ಹಾಕಿದರು. ಎದುರಿಗೆ ಬಂದು ನಿಂತದ್ದು ಅರಣ್ಯ ಇಲಾಖೆ ಮತ್ತು ಪೊಲೀಸು. ಅವರ ಗುಡಿಸಲಿಗೆ ತಂಗುದಾಣ ಎಂಬ ಹೆಸರು ಯಾಕೆ ಬರಲಿಲ್ಲ? ದುಡ್ಡು ಕಟ್ಟಿ ಬರಲಿಲ್ಲ ಎಂದೋ, ವಾಪಸು ಹೋಗುವುದಿಲ್ಲ ಎಂದೋ?

ಸಂಗಾತಿಗಳೆ, ಸಿಟ್ಟು ಕವಿತೆಗೆ ಸಾಕು, ಹಕ್ಕಿಗೆ ಸಾಲದು. ಈಗ ಕೆಲಸದ ಮಾತು. 2006ರ ಅರಣ್ಯ ಹಕ್ಕು ಕಾಯಿದೆ ಎಂಬುದೊಂದಿದೆ. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಕಾಡಿನಲ್ಲಿ ಬದುಕಿರುವ ಆದಿವಾಸಿಗೆ ಅದು ಹಕ್ಕು ಕೊಡುತ್ತದೆ. ಅರ್ಜಿಯ ವಿಚಾರಣೆ ಮುಗಿಯುವ ತನಕ ಯಾರನ್ನೂ ಎಬ್ಬಿಸಕೂಡದು ಎನ್ನುತ್ತದೆ. ಆದರೆ ಅದೇ ಕಾಡಂಚಿನ ದಲಿತನಿಗೆ, ಪರಿಶಿಷ್ಟ ಪಂಗಡದವನಲ್ಲ ಎಂಬ ಕಾರಣಕ್ಕೆ, ಮೂರು ತಲೆಮಾರಿನ, ಅಂದರೆ 75 ವರ್ಷದ ಪುರಾವೆ ತಾ ಎನ್ನುತ್ತದೆ. ಅಕ್ಷರವನ್ನೇ ಕೊಡದೆ ಇಟ್ಟವರ ಮೊಮ್ಮಕ್ಕಳ ಹತ್ತಿರ ಹಳೇ ಕಾಗದ ಕೇಳುವ ಈ ಧೈರ್ಯವನ್ನು ಏನೆನ್ನಬೇಕು! ಅರ್ಜಿ ತಿರಸ್ಕಾರವಾದವರನ್ನು ಎಬ್ಬಿಸಿ ಎಂದು 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು ಆದೇಶ ಮಾಡಿತು. ದೇಶ ತುಂಬ ಕೂಗು ಎದ್ದ ಮೇಲೆ ಅದೇ ತಿಂಗಳ 28ರಂದು ತಡೆಹಿಡಿಯಿತು. ಕತ್ತಿ ಕೆಳಗಿಳಿದಿಲ್ಲ, ತೂಗುತ್ತಿದೆ.

ಆದರೆ ಈ ಕಾಯಿದೆಯ ನಿಯಮಗಳಲ್ಲಿ ಒಂದು ಮಾತಿದೆ. ಅದನ್ನು ಹಳ್ಳಿ ಮೇಷ್ಟ್ರುಗಳು, ಹಾಸ್ಟೆಲಿನ ಹುಡುಗರು ಬಾಯಿಪಾಠ ಮಾಡಬೇಕು. ಕಾಗದವೊಂದೇ ಪುರಾವೆ ಅಲ್ಲ. ಮನೆ, ಗುಡಿಸಲು, ಬದು, ಬಾವಿ, ಗೋರಿ, ದೇವರ ಬನ, ಇವೂ ಪುರಾವೆ. ಅರ್ಜಿದಾರರಲ್ಲದ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಪುರಾವೆ. ಎರಡು ಥರದ ಪುರಾವೆ ಸೇರಿದರೆ ಅರ್ಜಿಗೆ ಬಲ ಬರುತ್ತದೆ. ಗಮನಿಸಿ: ಇಲಾಖೆ ಯಾವ ಗುಡಿಸಲನ್ನು ಒತ್ತುವರಿ ಎಂದು ಕೀಳಲು ಬರುತ್ತದೋ, ಅದೇ ಗುಡಿಸಲು ಕಾನೂನಿನ ಕಣ್ಣಲ್ಲಿ ಸಾಕ್ಷಿ. ಅದನ್ನು ಕೀಳುವುದೆಂದರೆ ಸಾಕ್ಷಿಯನ್ನು ಕೊಲ್ಲುವುದು.

ಆದ್ದರಿಂದ ಮುಂದಿನ ಸಲ ಶಾಲೆ ಮಕ್ಕಳನ್ನು, ಸಂಘದ ಹುಡುಗರನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗುವಾಗ ತುದಿಗೇ ಓಡಬೇಡಿ. ಬುಡದ ಹಾಡಿಯಲ್ಲಿ ಅರ್ಧ ದಿನ ಕೂತುಕೊಳ್ಳಿ. ಇಲ್ಲಿ ಅರಣ್ಯ ಹಕ್ಕು ಸಮಿತಿ ಇದೆಯೇ, ಅದು ಕೊನೆಗೆ ಸೇರಿದ್ದು ಯಾವತ್ತು ಎಂದು ಕೇಳಿ. ಮನೆ ಜಮೀನಿಗೆ ‘ಎ’ ನಮೂನೆ, ಸಮುದಾಯದ ಹಕ್ಕಿಗೆ ‘ಬಿ’, ಕಾಡಿನ ಮೇಲಿನ ಹಕ್ಕಿಗೆ ‘ಸಿ’. ತುಂಬಿಸಲು ಕೈ ಜೋಡಿಸಿ. ಅಜ್ಜಿಯನ್ನು ಮಾತಾಡಿಸಿ. ನಿಮ್ಮಜ್ಜ ಎಲ್ಲಿ ಮಣ್ಣಾದರು, ಆ ದಾರಿಗೆ ನೀವು ಏನು ಹೆಸರು ಕರೀತಿದ್ರಿ, ನೀರು ಎಲ್ಲಿಂದ ತರ್ತಿದ್ರಿ ಅಂತ ಕೇಳಿ, ಅವಳ ಮಾತಿನಲ್ಲೇ ಬರೆದುಕೊಂಡು ಹೆಬ್ಬೆಟ್ಟು ಹಾಕಿಸಿಕೊಳ್ಳಿ. ಅದೇ ಕಾಯಿದೆಯಲ್ಲಿ, ಗ್ರಾಮಸಭೆ ಹೇಳಿದರೆ ಒಂದು ಹೆಕ್ಟೇರಿನೊಳಗಿನ ಕಾಡಿನ ಜಾಗದಲ್ಲಿ ಶಾಲೆ, ಅಂಗನವಾಡಿ, ರಸ್ತೆ, ಕುಡಿಯುವ ನೀರಿಗೆ ಅವಕಾಶ ಇದೆ. ಇಲ್ಲ ಎನ್ನುವ ಅಧಿಕಾರಿಗೆ ಆ ಸಾಲನ್ನು ಓದಿ ಹೇಳಿ. ಚಾರಣಿಗರಿಗೆ ಗುಡಿಸಲು ಬೇಕೇ? ಇರಲಿ. ಅದರ ಬೀಗದ ಕೈ ಹಾಡಿಯ ಗ್ರಾಮಸಭೆಯ ಕೈಲಿರಲಿ. ದುಡ್ಡೂ ಅಲ್ಲೇ ಉಳಿಯಲಿ. ಬಾಗಿಲಲ್ಲಿ ಜಾತಿ ಕೇಳಿದವನು ಜೈಲಿಗೆ ಹೋಗಲಿ.

ಅಕ್ಷರ ಕಲಿತ ಮೊದಲ ತಲೆಮಾರು ನಾವು. ನಮ್ಮ ಹಿಂದಿನವರು ಬೆಟ್ಟದ ಮೇಲೆ ದಾರಿ ಮಾಡಿದರು, ಬರೆದಿಡಲು ಆಗಲಿಲ್ಲ. ನಮ್ಮ ಕೈಗೆ ಪೆನ್ನು ಬಂದಿದೆ. ಅದರಲ್ಲಿ ಮಂಜಿನ ಮೇಲೆ ಕವಿತೆ ಬರೆಯುವುದು ಇದ್ದೇ ಇದೆ. ಮೊದಲು ಅಜ್ಜಿಯ ಹೇಳಿಕೆ ಬರೆದು ಮುಗಿಸೋಣ.